ಚಿಕ್ಕಮ್ಮನಿಗೆ: ವಿಟಮಿನ್ ಡಿ ಪ್ಯಾಕೆಟ್ಟು, ಲೆಟ್ರೊಜೋಲ್ ಮತ್ತು ಮೂಳೆಯ ಡ್ರಿಪ್ ಬಗ್ಗೆ

ಶೆಫೀಲ್ಡ್, ಇಂಗ್ಲೆಂಡ್

ಪ್ರೀತಿಯ ಚಿಕ್ಕಮ್ಮ, ಚಿಕ್ಕಪ್ಪ, ಇಬ್ಬರಿಗೂ ನಮಸ್ಕಾರಗಳು.

ರಕ್ತದ ರಿಪೋರ್ಟು, ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನು, ಡಾಕ್ಟರ ಚೀಟಿ ಮೂರರ ಫೋಟೋನೂ ಬಂದವು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಪ್ರಿಂಟ್ ತೆಗೆಸಿ ಔಷಧಿ ಡಬ್ಬದಲ್ಲೇ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ಇದು: ಡಾಕ್ಟರು ಬರೆದಿರುವ ವಿಟಮಿನ್ ಡಿಯ 60,000 ಯೂನಿಟ್‌ನ ಪೌಡರ್ ಪ್ಯಾಕೆಟ್ ವಾರಕ್ಕೆ ಒಂದು. ದಿನಕ್ಕೆ ಒಂದಲ್ಲ. ಸ್ತನ ಕ್ಯಾನ್ಸರ್ ಮರುಕಳಿಸದಿರಲಿ ಎಂದು ಕೊಟ್ಟಿರುವ ಲೆಟ್ರೊಜೋಲ್ ಮಾತ್ರೆ ದಿನಾ ಒಂದು, ಕ್ಯಾಲ್ಸಿಯಂ ದಿನಾ ಒಂದು, ಮೂರೂ ಒಂದೇ ಕವರಿನಲ್ಲಿ ಬರುತ್ತವೆ. ಹಾಗಾಗಿ ಪ್ಯಾಕೆಟ್ಟನ್ನೂ ದಿನಾ ಕುಡಿದುಬಿಡುವವರು ನಮ್ಮ ಕಡೆ ಕಡಿಮೆಯಿಲ್ಲ. ಎಂಟು ವಾರಕ್ಕೆ ಎಂಟು ಪ್ಯಾಕೆಟ್ ಎಂದರೆ ಒಟ್ಟು 4,80,000 ಯೂನಿಟ್. ಅದನ್ನೇ ಎರಡು ತಿಂಗಳು ದಿನಾ ತೆಗೆದುಕೊಂಡರೆ 36 ಲಕ್ಷ ದಾಟುತ್ತದೆ. ಈ ವಿಟಮಿನ್ ಕೊಬ್ಬಿನಲ್ಲಿ ಸೇರಿಕೊಂಡು ಕೂರುವಂಥದ್ದು, ಹೆಚ್ಚಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ. ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತಲೇ ಇರುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಚಿಕ್ಕಪ್ಪ, ಇವತ್ತೇ ಎಂಟು ಪ್ಯಾಕೆಟ್ಟಿನ ಮೇಲೂ ಪೆನ್ನಿನಲ್ಲಿ ಎಂಟು ಭಾನುವಾರದ ತಾರೀಖು ಬರೆದಿಡಿ. ತಾರೀಖಿಲ್ಲದ ಪ್ಯಾಕೆಟ್ ಮನೆಯಲ್ಲಿ ಇರಲೇಬಾರದು.

ಪೌಡರನ್ನು ಹಾಲಿಗೆ ಹಾಕಿ ಚೆನ್ನಾಗಿ ಕದಡಿ ಕುಡಿಯಿರಿ. ಖಾಲಿ ಹೊಟ್ಟೆಯಲ್ಲಿ ಬೇಡ, ಮಧ್ಯಾಹ್ನ ತುಪ್ಪ, ಒಗ್ಗರಣೆ, ಮೊಸರು ಎಲ್ಲ ಇರುವ ಊಟದ ಜೊತೆಗೇ ಆಗಲಿ. ಜಿಡ್ಡಿದ್ದರೆ ಮಾತ್ರ ಅದು ಚೆನ್ನಾಗಿ ಒಳಗೆ ಹೋಗುತ್ತದೆ. ಬರೀ ಕಾಫಿ ಜೊತೆ ಕುಡಿದು, ಎರಡು ತಿಂಗಳಾದರೂ ಲೆವೆಲ್ ಏರಲಿಲ್ಲ ಎನ್ನುವವರಲ್ಲಿ ಅನೇಕರ ಕಥೆ ಇದೇ. ಕ್ಯಾಪ್ಸೂಲಿನ ಮೇಲಿನ ಸಿಪ್ಪೆ ಬಹಳ ಸಲ ಪ್ರಾಣಿಜನ್ಯ ಜೆಲಟಿನ್‌ನದು. ನಿಮಗೆ ಅದು ಒಗ್ಗದಿದ್ದರೆ ಪೌಡರೋ ಸಣ್ಣ ಬಾಟಲಿಯ ದ್ರವವೋ ಕೇಳಿ. ಒಳಗಿನ ಡಿ3, ಅಂದರೆ ಈ ವಿಟಮಿನ್ ಡಿ, ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆದದ್ದು, ಅದಕ್ಕಾಗಿ ಕುರಿಯನ್ನು ಕೊಲ್ಲುವುದಿಲ್ಲ.

ಇನ್ನು ರಿಪೋರ್ಟಿನ ಸಂಖ್ಯೆ. 25-ಹೈಡ್ರಾಕ್ಸಿ ವಿಟಮಿನ್ ಡಿ, ಅಂದರೆ ದೇಹದಲ್ಲಿ ವಿಟಮಿನ್ ಡಿ ಎಷ್ಟಿದೆ ಎಂದು ತೋರಿಸುವ ಸಂಖ್ಯೆ, 14 ಎಂದಿದೆ. ಪಕ್ಕದಲ್ಲಿರುವ 'ನ್ಯಾನೋಗ್ರಾಂ' ಅನ್ನುವುದನ್ನೂ ಗಮನಿಸಿ. ಇಂಗ್ಲೆಂಡಿನಲ್ಲಿ ಇದನ್ನೇ ನ್ಯಾನೋಮೋಲ್‌ನಲ್ಲಿ ಹೇಳುತ್ತಾರೆ, ಎರಡೂವರೆಯಿಂದ ಗುಣಿಸಬೇಕು. ನಿಮ್ಮ 14 ಇಲ್ಲಿ 35. ಇಲ್ಲಿಯವರು 50 ಇದ್ದರೆ ಸಾಕು ಎನ್ನುವುದು ನಿಮ್ಮ ರಿಪೋರ್ಟಿನ ಲೆಕ್ಕದಲ್ಲಿ 20. ಇದು ಗೊತ್ತಿಲ್ಲದೆ ನೆಟ್ಟಿನಲ್ಲಿ ಓದಿ 50ರ ಹಿಂದೆ ಬೀಳಬೇಡಿ. 20ರ ಕೆಳಗಿದ್ದರೆ ಸಾಲದು ಎಂದು ಹೆಚ್ಚಿನ ತಜ್ಞರು ಒಪ್ಪುತ್ತಾರೆ. 20ರಿಂದ 30ರ ನಡುವಿನದ್ದರ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಮೂಳೆ ಸವೆಸುವ ಲೆಟ್ರೊಜೋಲ್ ತೆಗೆದುಕೊಳ್ಳುವ ನಿಮ್ಮಂಥವರಿಗೆ 30ರ ಆಸುಪಾಸಿನಲ್ಲಿದ್ದರೆ ನೆಮ್ಮದಿ ಎಂದು ನನ್ನ ಅಭಿಪ್ರಾಯ. ಲ್ಯಾಬಿನವರು 100ರವರೆಗೂ ನಾರ್ಮಲ್ ಎಂದು ಅಚ್ಚು ಹಾಕಿರುತ್ತಾರೆ, ಅಲ್ಲಿಯವರೆಗೆ ಏರಿಸಬೇಕು ಎಂದು ಅದರ ಅರ್ಥವಲ್ಲ.

ಮತ್ತೆ ಪರೀಕ್ಷೆ ಮಾಡಿಸುವುದು ಮೂರು ತಿಂಗಳಾದ ಮೇಲೆ. ಅದಕ್ಕೆ ಮುಂಚೆ ಮಾಡಿಸಿದರೆ ಲೆವೆಲ್ ಇನ್ನೂ ಏರುತ್ತಿರುತ್ತದೆ, ದುಡ್ಡು ದಂಡ. '1,25' ಎಂದು ಶುರುವಾಗುವ ಇನ್ನೊಂದು ದುಬಾರಿ ಪರೀಕ್ಷೆ ಇದೆ, ಅದು ಬೇಡ. ಕೊರತೆ ಇದ್ದಾಗಲೂ ಅದು ನಾರ್ಮಲ್, ಕೆಲವೊಮ್ಮೆ ಹೆಚ್ಚು ಎಂದೇ ತೋರಿಸಬಹುದು. ಕೂದಲು ಬೇಗ ಬರಲಿ ಎಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಲ್ಲ, ರಕ್ತ ಕೊಡುವ ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಬಯೋಟಿನ್ ಇದ್ದರೆ ವಿಟಮಿನ್ ಡಿ ಇರುವುದಕ್ಕಿಂತ ಹೆಚ್ಚು ಎಂದು ಬರುತ್ತದೆ. ಥೈರಾಯ್ಡ್ ರಿಪೋರ್ಟೂ ಹಾಗೇ ಕೆಡುತ್ತದೆ.

ಮೂರು ತಿಂಗಳ ನಂತರ ಲೆವೆಲ್ ಸರಿಹೋದರೆ ವಾರದ ಪ್ಯಾಕೆಟ್ ಮುಗಿಯಿತು. ಆಮೇಲೆ ತಿಂಗಳಿಗೊಂದು ಪ್ಯಾಕೆಟ್ಟೋ ದಿನಕ್ಕೆ 1,000ದಿಂದ 2,000 ಯೂನಿಟ್ಟೋ, ನಿಮ್ಮ ಡಾಕ್ಟರು ಹೇಳಿದ್ದು. ಇಲ್ಲಿನ ಪದ್ಧತಿಯೂ ಹೆಚ್ಚು ಬೇರೆಯಿಲ್ಲ: ಆರೇಳು ವಾರದಲ್ಲಿ ಒಟ್ಟು ಸುಮಾರು 3 ಲಕ್ಷ ಯೂನಿಟ್ ಕೊಟ್ಟು, ಆಮೇಲೆ ದಿನಕ್ಕೆ 800ರಿಂದ 2,000. ಕ್ಯಾಲ್ಸಿಯಂ ಮಾತ್ರೆಯಲ್ಲೇ 250ಓ 500ಓ ಯೂನಿಟ್ ಡಿ3 ಇರುತ್ತದೆ, ಮಲ್ಟಿವಿಟಮಿನ್‌ನಲ್ಲೂ ಇರುತ್ತದೆ, ಅಮೆರಿಕದಿಂದ ಬಂದ ವಿಟಮಿನ್ ಡಿ ಬಾಟಲಿ ಬೇರೆ ಇದೆ. ಎಲ್ಲವನ್ನೂ ಕೂಡಿಸಿ ನೋಡಬೇಕು. ಬಾಟಲಿಯ ಮೇಲೆ ಮೈಕ್ರೋಗ್ರಾಂ ಎಂದಿದ್ದರೆ 40ರಿಂದ ಗುಣಿಸಿ, 25 ಮೈಕ್ರೋಗ್ರಾಂ ಅಂದರೆ 1,000 ಯೂನಿಟ್. ವಾರದ ಪ್ಯಾಕೆಟ್ ನಡೆಯುವಷ್ಟು ದಿನ ಆ ಬಾಟಲಿಯನ್ನು ಎತ್ತಿಡಿ.

ಪಕ್ಕದ ಮನೆಯವರು ಹೇಳಿದ 6 ಲಕ್ಷ ಯೂನಿಟ್‌ನ ಇಂಜೆಕ್ಷನ್ ಬೇಡವೇ ಬೇಡ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ ಎಂಬ ಆಸೆ ಸಹಜ. ಆದರೆ ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರಲ್ಲಿ ಒಂದು ಅಧ್ಯಯನ ಮಾಡಿದರು, ಅರ್ಧದಷ್ಟು ಜನಕ್ಕೆ ವರ್ಷಕ್ಕೊಮ್ಮೆ ಒಟ್ಟಿಗೇ 5 ಲಕ್ಷ ಯೂನಿಟ್ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು: ಬೀಳುವುದೂ ಮೂಳೆ ಮುರಿಯುವುದೂ ಅವರಲ್ಲೇ ಜಾಸ್ತಿ ಆಗಿತ್ತು. ಬಾಯಿಂದ ತೆಗೆದುಕೊಳ್ಳಲು ಆಗುವವರಿಗೆ ಆ ಇಂಜೆಕ್ಷನ್ನಿನ ಅಗತ್ಯವಿಲ್ಲ.

ಈಗ ನೀವು ಕಳಿಸಿದ ವಾಟ್ಸಾಪ್ ಸುದ್ದಿಗೆ ಬರುತ್ತೇನೆ, 'ವಿಟಮಿನ್ ಡಿಯಿಂದ ಸ್ತನ ಕ್ಯಾನ್ಸರ್ ಮಾಯ' ಅನ್ನುವುದು. ಅದರ ಬುಡದಲ್ಲಿ ನಿಜವಾದ ಅಧ್ಯಯನವೇ ಇದೆ. ಬ್ರೆಜಿಲ್‌ನ ಬೊಟುಕಾಟುವಿನಲ್ಲಿ 45 ದಾಟಿದ 80 ಹೆಂಗಸರಿಗೆ ಆಪರೇಷನ್‌ಗೆ ಮುಂಚಿನ ಕೆಮೋ ನಡೆಯುವಾಗ ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಗಡ್ಡೆ ಪೂರ್ತಿ ಕರಗಿದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 43 ಜನರಲ್ಲಿ, ಎರಡನೆಯದರಲ್ಲಿ 24. ಆಸೆ ಹುಟ್ಟಿಸುವ ಸಂಗತಿ, ಆದರೆ ಒಂದೊಂದು ಗುಂಪಿನಲ್ಲಿ 40 ಜನ ಮಾತ್ರ. ಇನ್ನೂ ದೊಡ್ಡದಾಗಿ ಮಾಡಿ ನೋಡದೆ ನಂಬುವಂತಿಲ್ಲ. ಅಲ್ಲದೆ ಕರಗಿಸಿದ್ದು ಕೆಮೋ, ವಿಟಮಿನ್ ಅದರ ಜೊತೆಗಿತ್ತು. ಮೆಸೇಜಿನಲ್ಲಿ ಈ ಮಾತೇ ಬಿಟ್ಟುಹೋಗಿದೆ. ನಿಮ್ಮ ಆಪರೇಷನ್ನೂ ಕೆಮೋನೂ ಮುಗಿದಿವೆ, ಅದು ನಿಮಗೆ ಅನ್ವಯಿಸುವುದೂ ಇಲ್ಲ.

ವಿಟಮಿನ್ ಡಿ ಕಡಿಮೆ ಇದ್ದವರಿಗೆ ಕಾಯಿಲೆ ಮರುಕಳಿಸುವುದು ಜಾಸ್ತಿ ಎಂದು ಕೆನಡಾದ ಟೊರಾಂಟೋದಲ್ಲಿ 512 ಹೆಂಗಸರನ್ನು ಗಮನಿಸಿ 2009ರಲ್ಲಿ ಬರೆದರು. ಹೀಗೆ ಹೇಳುವ ಅಧ್ಯಯನಗಳು ಇನ್ನೂ ಇವೆ. ಆದರೆ ತೂಕ ಜಾಸ್ತಿ ಇರುವವರಲ್ಲಿ, ಓಡಾಟ ಕಡಿಮೆ ಇರುವವರಲ್ಲಿ, ಕಾಯಿಲೆಯಿಂದ ನೆಲ ಹಿಡಿದವರಲ್ಲಿ ವಿಟಮಿನ್ ಡಿ ಹೇಗಿದ್ದರೂ ಕಡಿಮೆಯೇ ಇರುತ್ತದೆ. ಕೊರತೆಯಿಂದ ಕಾಯಿಲೆ ಬಿಗಡಾಯಿಸಿತೋ, ಕಾಯಿಲೆಯಿಂದ ಕೊರತೆ ಬಂತೋ, ಬರೀ ಗಮನಿಸಿದರೆ ಗೊತ್ತಾಗುವುದಿಲ್ಲ. ಕೊಟ್ಟು ನೋಡಿದ ದೊಡ್ಡ ಪ್ರಯೋಗ ಅಮೆರಿಕದ ವೈಟಲ್. 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಹೆಚ್ಚು. 2018ರಲ್ಲಿ ಫಲಿತಾಂಶ ಬಂದಾಗ ಕ್ಯಾನ್ಸರ್ ಬರುವುದೇನೂ ಕಡಿಮೆಯಾಗಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಕೊರತೆ ಇರಲಿಲ್ಲ, ಅವರು ಕ್ಯಾನ್ಸರ್ ರೋಗಿಗಳೂ ಅಲ್ಲ, ಅದನ್ನೂ ಹೇಳಬೇಕು. ಹಾಗಾಗಿ ಚಿಕ್ಕಮ್ಮ, ಈ ಪ್ಯಾಕೆಟ್ಟನ್ನು ಕ್ಯಾನ್ಸರ್ ಔಷಧಿ ಅಂದುಕೊಳ್ಳಬೇಡಿ. ಅದು ನಿಮ್ಮ ಮೂಳೆಗೆ. ಕ್ಯಾನ್ಸರ್ ತಡೆಯುವುದು ಆ ಪುಟ್ಟ ಲೆಟ್ರೊಜೋಲ್ 2.5 ಮಿಲಿಗ್ರಾಂ, ಅದನ್ನು ಒಂದು ದಿನವೂ ತಪ್ಪಿಸಬಾರದು. ಎರಡಕ್ಕೂ ಜಗಳವಿಲ್ಲ, ಒಂದೇ ದಿನ ತೆಗೆದುಕೊಳ್ಳಬಹುದು.

ಮೂಳೆಗೆ ಯಾಕೆ ಇಷ್ಟು ಕಾಳಜಿ ಅಂದರೆ, ಮುಟ್ಟು ನಿಂತ ಮೇಲೂ ದೇಹ ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ವಲ್ಪ ತಯಾರಿಸುತ್ತದೆ. ಲೆಟ್ರೊಜೋಲ್ ಅದನ್ನೂ ನಿಲ್ಲಿಸುತ್ತದೆ. ಗಡ್ಡೆಗೆ ಅದರಿಂದ ಆಹಾರ ತಪ್ಪುತ್ತದೆ, ಮೂಳೆಗೆ ರಕ್ಷಣೆ ತಪ್ಪುತ್ತದೆ. ನಿಮ್ಮ ಡೆಕ್ಸಾದಲ್ಲಿ ಟಿ-ಸ್ಕೋರ್, ಅಂದರೆ ಮೂಳೆಯ ಗಟ್ಟಿತನದ ಅಳತೆ, ಮೈನಸ್ 1.8 ಇದೆ. ಮೈನಸ್ 2.5ಕ್ಕೆ ಹೋದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಎನ್ನುತ್ತಾರೆ. ಅಲ್ಲಿಗೆ ತಲುಪದಂತೆ ನೋಡಿಕೊಳ್ಳುವುದೇ ಈಗಿನ ಕೆಲಸ.

ಅದಕ್ಕೇ ಡಾಕ್ಟರು ಆರು ತಿಂಗಳಿಗೊಮ್ಮೆ ಝೊಲೆಡ್ರೊನಿಕ್ ಆಸಿಡ್ 4 ಮಿಲಿಗ್ರಾಂ ಡ್ರಿಪ್ ಬರೆದಿರುವುದು. ಹೆಸರು ಕೇಳಿ ಹೆದರಬೇಡಿ, ಕೆಮೋ ಅಲ್ಲ ಅದು. ಈ ಔಷಧಿಯ ಮೇಲೆ ನಮ್ಮ ಶೆಫೀಲ್ಡಿನ ಪ್ರೊಫೆಸರ್ ರಾಬರ್ಟ್ ಕೋಲ್ಮನ್ ಅವರ ನೇತೃತ್ವದಲ್ಲಿ 'ಅಜೂರ್' ಎಂಬ ದೊಡ್ಡ ಅಧ್ಯಯನ ನಡೆಯಿತು, 3,360 ಹೆಂಗಸರು. ಒಟ್ಟಾರೆ ನೋಡಿದರೆ ಕ್ಯಾನ್ಸರ್ ಮರುಕಳಿಸುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಮುಟ್ಟು ನಿಂತು ಐದು ವರ್ಷ ದಾಟಿದವರಲ್ಲಿ ಮಾತ್ರ ಲಾಭ ಕಂಡಿತು. ಆಮೇಲೆ ಆಕ್ಸ್‌ಫರ್ಡಿನವರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ಮುಟ್ಟು ನಿಂತವರಲ್ಲಿ ಹತ್ತು ವರ್ಷದೊಳಗೆ ಸ್ತನ ಕ್ಯಾನ್ಸರಿನಿಂದ ಸಾಯುವವರು ನೂರಕ್ಕೆ 18 ಇದ್ದದ್ದು 14.7ಕ್ಕೆ ಇಳಿದಿತ್ತು. ಹಾಗಾಗಿ ಈ ಡ್ರಿಪ್ ಮೂಳೆಯ ಜೊತೆಗೆ ಕಾಯಿಲೆಯ ಮೇಲೂ ಕೆಲಸ ಮಾಡುವಂಥದ್ದು, ತಪ್ಪಿಸಬೇಡಿ.

ಆದರೆ ಡಿ 14 ಇಟ್ಟುಕೊಂಡು ಡ್ರಿಪ್ ಹಾಕಿಸಿಕೊಳ್ಳಬಾರದು. ಆ ಔಷಧಿ ಮೂಳೆಯಿಂದ ಕ್ಯಾಲ್ಸಿಯಂ ಹೊರಬರುವ ದಾರಿ ಮುಚ್ಚುತ್ತದೆ. ವಿಟಮಿನ್ ಡಿ ಇಲ್ಲದಿದ್ದರೆ ಕರುಳಿನಿಂದಲೂ ಕ್ಯಾಲ್ಸಿಯಂ ಒಳಗೆ ಬರುವುದಿಲ್ಲ. ಎರಡೂ ಕಡೆ ಬಾಗಿಲು ಹಾಕಿದ ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಥಟ್ಟನೆ ಇಳಿಯುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುವುದು, ಮೀನಖಂಡ ಹಿಡಿದುಕೊಳ್ಳುವುದು ಅದರ ಗುರುತು. ಹಾಗೇನಾದರೂ ಆದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪ್ರತಿ ಡ್ರಿಪ್‌ಗೆ ಮೊದಲು ಕ್ಯಾಲ್ಸಿಯಂ, ಆಲ್ಬುಮಿನ್ (ರಕ್ತದ ಒಂದು ಪ್ರೋಟೀನು), ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ಮೂರೂ ನೋಡಿಸಿ. ಆಲ್ಬುಮಿನ್ 4ಕ್ಕಿಂತ ಕಡಿಮೆ ಇದ್ದರೆ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸಬೇಕು, ಆಗ ಬರುವುದೇ ಸರಿಯಾದ ಲೆಕ್ಕ. ಡ್ರಿಪ್ ಕನಿಷ್ಠ 15 ನಿಮಿಷವಾದರೂ ನಿಧಾನವಾಗಿ ಹೋಗಬೇಕು. ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಯಿರಿ. ಮೊದಲ ಸಲ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಾಸಿಟಮಾಲ್ ಸಾಕು. ಮತ್ತೆ ಹಲ್ಲು: ಕೀಳಿಸಬೇಕಾದ ಹಲ್ಲಿದ್ದರೆ ಡ್ರಿಪ್ ಶುರುವಾಗುವ ಮುಂಚೆಯೇ ಕೀಳಿಸಿ ವಾಸಿಯಾಗಲು ಬಿಡಿ. ಶುರುವಾದ ಮೇಲೆ ಕಿತ್ತರೆ ದವಡೆಯ ಮೂಳೆ ಕೂಡಿಕೊಳ್ಳದೆ ತೊಂದರೆಯಾಗುವುದುಂಟು. ಅಪರೂಪ, ಆದರೆ ಬಂದರೆ ಬಹಳ ಕಷ್ಟ.

ಕ್ಯಾಲ್ಸಿಯಂ ಊಟ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಸಾಕು. ರಾಗಿ ನೂರು ಗ್ರಾಂ ಹಿಟ್ಟಿನಲ್ಲಿ 350ರ ಆಸುಪಾಸು, ಹಾಲಿನಲ್ಲಿ ನೂರು ಎಂಎಲ್‌ಗೆ ಸುಮಾರು 120. ಒಂದು ಹೊತ್ತು ಮುದ್ದೆ, ಎರಡು ಲೋಟ ಹಾಲು ಮೊಸರು ಆದರೆ ಅರ್ಧಕ್ಕಿಂತ ಹೆಚ್ಚು ಊಟದಲ್ಲೇ ಬಂತು, 500ರ ಒಂದು ಮಾತ್ರೆ ಸಾಲುತ್ತದೆ. ಆ ಮಾತ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ತೆಗೆದುಕೊಳ್ಳಿ. ಬೆಳಗಿನ ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬಿಪಿ ಮಾತ್ರೆಯ ಹೆಸರಿನ ಕೊನೆಯಲ್ಲಿ 'ಹೆಚ್' ಅಥವಾ 'ಸಿಟಿ' ಇದೆಯಾ ನೋಡಿ. ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಹೋಗಿಸುವ ಔಷಧಿಯೊಂದು ಸೇರಿರುತ್ತದೆ, ಅದು ಕ್ಯಾಲ್ಸಿಯಂ ಹೊರಹೋಗದಂತೆ ತಡೆಯುತ್ತದೆ. ಡಾಕ್ಟರಿಗೆ ಆ ಸ್ಟ್ರಿಪ್ಪನ್ನೇ ತೋರಿಸಿ.

ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಲಬದ್ಧತೆ, ವಾಕರಿಕೆ, ಮಂಕು ಇವು ಕ್ಯಾಲ್ಸಿಯಂ ಏರಿದ್ದರ ಲಕ್ಷಣ. ಕಾಣಿಸಿದರೆ ಪ್ಯಾಕೆಟ್ಟು, ಮಾತ್ರೆ ಎರಡನ್ನೂ ನಿಲ್ಲಿಸಿ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ವಿಟಮಿನ್ ಜಾಸ್ತಿಯಾಗದೆಯೂ ಕೆಲವೊಮ್ಮೆ ಕಾಯಿಲೆಯೇ ಮೂಳೆಗೆ ಹರಡಿ ಕ್ಯಾಲ್ಸಿಯಂ ಏರಿಸುತ್ತದೆ, ಅದಕ್ಕೇ ತಡ ಮಾಡಬಾರದು.

ಬೆಳಿಗ್ಗೆ ಕೈಬೆರಳು, ಮಂಡಿ ಬಿಗಿಯುವುದು ಲೆಟ್ರೊಜೋಲ್‌ನಿಂದ. ವಿಟಮಿನ್ ಡಿ ಜಾಸ್ತಿ ಮಾಡಿದರೆ ಅದು ಹೋಗುತ್ತದೆ ಎಂದು ಅಮೆರಿಕದ ಕಾನ್ಸಾಸ್‌ನಲ್ಲಿ ವಾರಕ್ಕೆ 30,000 ಯೂನಿಟ್ ಕೊಟ್ಟು ನೋಡಿದರು, ಲಾಭವಾಗಲಿಲ್ಲ. ಕೊರತೆ ತುಂಬಿಸೋಣ, ನೋವಿಗಾಗಿ ಡೋಸ್ ಏರಿಸುವುದು ಬೇಡ. ಅದಕ್ಕೆ ನಡಿಗೆ ಮತ್ತು ಸ್ನಾಯು ಬಲಪಡಿಸುವ ವ್ಯಾಯಾಮ ಒಳ್ಳೆಯದು, ಮೂಳೆಗೂ ಅದೇ ಬೇಕು. ನೆಲದಿಂದ ಏಳಲು ತೊಡೆಯಲ್ಲಿ ಶಕ್ತಿ ಸಾಲದು ಅನ್ನುವುದು ಮಾತ್ರ ಕೊರತೆಯ ಲಕ್ಷಣವಿರಬಹುದು, ಪ್ಯಾಕೆಟ್ ಶುರುವಾದ ಮೇಲೆ ಸುಧಾರಿಸೀತು. ಒಂದೇ ಜಾಗದಲ್ಲಿ, ರಾತ್ರಿ ಜಾಸ್ತಿಯಾಗುವ ಹೊಸ ಮೂಳೆ ನೋವು ಬಂದರೆ ವಿಟಮಿನ್ ಎಂದು ಸುಮ್ಮನಿರದೆ ಕ್ಯಾನ್ಸರ್ ಡಾಕ್ಟರಿಗೆ ಹೇಳಿ.

ಬಿಸಿಲಿನ ಬಗ್ಗೆ ಚಿಕ್ಕಪ್ಪ ಕೇಳಿದ್ದರು. ಬೆಳಿಗ್ಗೆ ಏಳರ ಎಳೆಬಿಸಿಲು ಹಿತ, ಆದರೆ ಅದರಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ ಎಂದೇ ಹೇಳಬಹುದು. ನೆರಳು ನಮಗಿಂತ ಗಿಡ್ಡವಾದ ಹೊತ್ತಿನ ಬಿಸಿಲಿನಲ್ಲಿ ಮಾತ್ರ ಅದಕ್ಕೆ ಬೇಕಾದ ಕಿರಣ ಸಾಕಷ್ಟಿರುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತರೆ ಅದೂ ಬರುವುದಿಲ್ಲ. ಆದರೆ ರೇಡಿಯೇಷನ್ ಕೊಟ್ಟ ಜಾಗಕ್ಕೆ ಆ ಬಿಸಿಲು ಆಗದು, ಕಂಕುಳಿನ ಗ್ರಂಥಿ ತೆಗೆದ ಕಡೆಯ ತೋಳು ಬಿಸಿಲಿಗೆ ಸುಡಬಾರದು, ಬಾವು ಬರುತ್ತದೆ. ಲೆವೆಲ್ 14 ಇರುವಾಗ ಬಿಸಿಲನ್ನು ನಂಬಿಕೊಂಡು ಕೂರುವುದು ಬೇಡ, ಪ್ಯಾಕೆಟ್ಟೇ ನೇರ ದಾರಿ.

ಮೊದಲ ಡ್ರಿಪ್‌ಗೆ ದಿನ ಗೊತ್ತು ಮಾಡುವ ಮುಂಚೆ ಕ್ಯಾಲ್ಸಿಯಂ, ಆಲ್ಬುಮಿನ್, ಕ್ರಿಯಾಟಿನಿನ್ ರಿಪೋರ್ಟಿನ ಫೋಟೋ ನನಗೂ ಕಳಿಸಿ. ಎಷ್ಟು ವಾರದ ಪ್ಯಾಕೆಟ್ ಆದ ಮೇಲೆ ಡ್ರಿಪ್ ಎಂದು ಡಾಕ್ಟರನ್ನೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಚಿಕ್ಕಪ್ಪ, ಹಲ್ಲಿನ ಡಾಕ್ಟರ ಹತ್ತಿರ ಈ ವಾರವೇ ಕರೆದುಕೊಂಡು ಹೋಗಿ.

ಇಂತಿ ನಿಮ್ಮ ಪ್ರೀತಿಯ,
ಸುಮಾ