ಸಂಪಾದಕಿಯ ಮಾತು: ಅಮ್ಮನ ಲೆಕ್ಕದ ಪುಸ್ತಕ

ಪ್ರಿಯ ಬಂಧುಗಳೇ,

ಇಯರ್ ಸಿಕ್ಸ್ ಓದುವ ಮಗಳು ಕಳೆದ ವಾರ ಶಾಲೆಗೆ ಎರಡನೇ ಮಹಾಯುದ್ಧಕಾಲದ ಮಗುವಿನ ವೇಷದಲ್ಲಿ ಹೋದಳು. ಕೋಟಿಗೆ ದಾರದಲ್ಲಿ ಕಟ್ಟಿದ ಹೆಸರಿನ ಚೀಟಿ, ಹೆಗಲಿಗೆ ಗ್ಯಾಸ್ ಮಾಸ್ಕಿನ ರಟ್ಟಿನ ಡಬ್ಬ. 1939ರ ಸೆಪ್ಟೆಂಬರ್ 1ರಿಂದ ಮೂರೇ ದಿನಗಳಲ್ಲಿ, ಬಾಂಬ್ ದಾಳಿಯ ಭಯಕ್ಕೆ, ಈ ಬ್ರಿಟನ್ನಿನ ನಗರಗಳಿಂದ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳಿಗೆ ಸಾಗಿಸಿದರು, ಹೆಚ್ಚಿನವರು ಮಕ್ಕಳು. ಮಗಳು ಬಾಗಿಲಲ್ಲಿ ನಿಂತು ಕೇಳಿದಳು: "ಅಮ್ಮಾ, ನೀನೂ ನನ್ನನ್ನ ಕಳಿಸಿಬಿಡ್ತಿದ್ಯಾ?" ಶೂ ಲೇಸ್ ಕಟ್ಟುತ್ತಿದ್ದ ನನಗೆ ಮಾತು ಹೊರಡಲಿಲ್ಲ.

ಆ ರಾತ್ರಿ 'ಹೌಸ್‌ವೈಫ್, 49' ಎಂಬ ಟಿವಿ ಚಿತ್ರವನ್ನು ಮತ್ತೆ ನೋಡಿದೆ. ವಿಕ್ಟೋರಿಯಾ ವುಡ್ ಬರೆದು, ತಾವೇ ನಟಿಸಿದ್ದು. 2006ರ ಡಿಸೆಂಬರ್‌ನಲ್ಲಿ ಐಟಿವಿಯಲ್ಲಿ ಬಂದಾಗ ನನಗದು ಇಲ್ಲಿನ ಮೊದಲ ಚಳಿಗಾಲ. ಬಾಡಿಗೆ ಕೋಣೆಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದೆ. ಅದು ನಿಜವಾದ ಕಥೆ: ಇಂಗ್ಲೆಂಡಿನ ಬ್ಯಾರೋ ಊರಿನ ನೆಲ್ಲಾ ಲಾಸ್ಟ್ ಎಂಬ ಗೃಹಿಣಿ ಯುದ್ಧದುದ್ದಕ್ಕೂ, ಸಾಮಾನ್ಯ ಜನರ ದಿನನಿತ್ಯದ ಬದುಕನ್ನು ದಾಖಲಿಸುತ್ತಿದ್ದ 'ಮಾಸ್ ಅಬ್ಸರ್ವೇಶನ್' ಸಂಸ್ಥೆಗೆ ದಿನಚರಿ ಬರೆದು ಕಳಿಸಿದವರು. ಮಗ ಸೈನ್ಯಕ್ಕೆ ಹೋದದ್ದು, ಊರಿನ ಮೇಲೆ ಬಾಂಬ್ ಬಿದ್ದದ್ದು, ಮನೆಗೆಲಸ, ಎಲ್ಲ ಅದರಲ್ಲೇ. ಆಕೆ ಬರೆಯಲು ಕೂತರೆ ನನಗೆ ಕಂಡದ್ದು ಶಿವಮೊಗ್ಗದ ಅಡುಗೆಮನೆ. ರಾತ್ರಿ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಅಮ್ಮ ಲೆಕ್ಕ ಬರೆಯುತ್ತಿದ್ದಳು. ಹಾಲು, ಸಕ್ಕರೆ, ಸೊಪ್ಪಿನವಳಿಗೆ ಐದು ರೂಪಾಯಿ. ಅಮ್ಮ ಹೋದ ಮೇಲೆ ಆ ಪುಸ್ತಕಗಳನ್ನು ಬಿಡಿಸಿದೆ. ನಾನು ಇಲ್ಲಿಗೆ ಬಂದ ವರ್ಷದ ಪುಟಗಳಲ್ಲಿ, ಕೊತ್ತಂಬರಿಗೂ ಬೆಂಕಿಪೊಟ್ಟಣಕ್ಕೂ ನಡುವೆ, ಭಾನುವಾರಕ್ಕೊಂದು ಸಾಲು: "ಫೋನ್ ಬಂತು." ಒಂದು ಭಾನುವಾರ ಬರೀ ಹಾಲಿನ ಲೆಕ್ಕವಿದೆ.

ಯುದ್ಧಕಾಲದ ಇಂಥ ಚಿತ್ರ, ಧಾರಾವಾಹಿಗಳನ್ನು ನಾನು ಬಿಡದೆ ನೋಡುವುದು ಈ ಅಡುಗೆಮನೆಗಳಿಗಾಗಿ. ಯುದ್ಧಕಾಲದ ಹಳ್ಳಿ ಹೆಂಗಸರ ಧಾರಾವಾಹಿ 'ಹೋಮ್ ಫೈರ್ಸ್' ಎರಡೇ ಸರಣಿಗೆ ನಿಂತದ್ದು ಇಂದಿಗೂ ಬೇಸರ. ತಲೆಗೆ ವಾರಕ್ಕೆ 2 ಔನ್ಸ್ ಟೀ ಪುಡಿಯಲ್ಲಿ ಬಂದವರನ್ನೂ ಸುಧಾರಿಸಿದ ಹೆಂಗಸರು. ಇಲ್ಲಿ ಪಡಿತರ ಪದ್ಧತಿ ಪೂರ್ತಿ ಮುಗಿದದ್ದು 1954ರಲ್ಲಿ. ಆದರೆ ಆ ಯುದ್ಧಕ್ಕೆ ಹೋದ 25 ಲಕ್ಷ ಭಾರತೀಯ ಸೈನಿಕರ ತಾಯಂದಿರೂ ಕಾದಿದ್ದರಲ್ಲ? ನಾನು ನೋಡಿದ ಯಾವುದರಲ್ಲೂ ಅವರಿಲ್ಲ. ಇದು ಬರಲೇಬೇಕಾದ ಕಥೆ.

ಇನ್ನು ಸೂಚನೆಗಳು. ರಾಜ್ಯೋತ್ಸವ, ಯುದ್ಧದಲ್ಲಿ ಮಡಿದವರನ್ನು ನೆನೆಯುವ ನವೆಂಬರ್‌ನ ರಿಮೆಂಬ್ರನ್ಸ್ ಸಂಡೇಯ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಎರಡಕ್ಕೆ, ಎಂದಿನ ಹಾಲ್‌ನಲ್ಲೇ. ಊಟಕ್ಕೆ ಹೆಸರು ಮುಂಚೆ ಕೊಡಿ, ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆ ಇದ್ದವರು ತಿಳಿಸಿ. ಮಕ್ಕಳ ಕನ್ನಡ ತರಗತಿ ಹಾಫ್ ಟರ್ಮ್ ರಜೆ ಆದಮೇಲೆ ಶುರು. ಈ ಪತ್ರಿಕೆ ಟೈಪ್ ಮಾಡಲು, ಕರಡು ತಿದ್ದಲು ದಯವಿಟ್ಟು ಇಬ್ಬರಾದರೂ ಬನ್ನಿ. ರಾತ್ರಿ ಒಂದು ಗಂಟೆಯಾಯಿತು, ಒಬ್ಬಳಿಂದ ಆಗುತ್ತಿಲ್ಲ.

ಮುಂದಿನ ಸಂಚಿಕೆಗೆ ನಿಮ್ಮ ಅಮ್ಮನದೋ ಅಜ್ಜಿಯದೋ ಕೈಬರಹ ಇದ್ದರೆ ಒಂದು ಪುಟ ಫೋಟೊ ತೆಗೆದು ಕಳಿಸಿ. ಸೊಪ್ಪಿನ ಲೆಕ್ಕವಾದರೂ ಸರಿ.