ಜೇಬಿನಲ್ಲೇ ಉಳಿದ ಬಿರಡೆ

ಮಾನ್ಯ ಸಂಪಾದಕರೇ,

ದೋಣಿ ಮುಳುಗಿದ ಸುದ್ದಿ ಬಂದಾಗೆಲ್ಲ ಜನ ಜಾಸ್ತಿ ಹತ್ತಿದ್ದರು, ಲೈಫ್ ಜಾಕೆಟ್ ಇರಲಿಲ್ಲ ಅಂತ ಪತ್ರಿಕೆಯಲ್ಲಿ ಬರುತ್ತದೆ. ಸರಿ, ಬರಲೇಬೇಕು. ಆದರೆ ಒಳಗೆ ನೀರು ಬರಲು ಶುರುವಾದ ಮೇಲೆ ದೋಣಿ ಮುಳುಗುವ ತನಕ ಒಂದಷ್ಟು ಹೊತ್ತು ಇರುತ್ತದಲ್ಲ, ಆಗ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಆ ಹೊತ್ತನ್ನು ನಾನು ಒಮ್ಮೆ ಕಂಡಿದ್ದೇನೆ. ಅದೂ ನನ್ನದೇ ತಪ್ಪಿನಿಂದ.

ಗೆಳೆಯನ ಚಿಕ್ಕ ಮೋಟಾರ್ ಬೋಟು. ಇಂಥ ಬೋಟುಗಳ ಹಿಂಬದಿಯಲ್ಲಿ, ತಳದ ಹತ್ತಿರ, ಒಂದು ತೂತು ಇರುತ್ತದೆ. ದಡದಲ್ಲಿ ನಿಂತಾಗ ಒಳಗಿನ ಮಳೆನೀರು ಹರಿದು ಹೋಗಲಿ ಅಂತ. ನೀರಿಗೆ ಇಳಿಸುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು, ಆ ಕೆಲಸ ನನ್ನದಾಗಿತ್ತು. ಜೋರಾಗಿ ಓಡಿಸುವಷ್ಟು ಹೊತ್ತು ಏನೂ ಗೊತ್ತಾಗಲಿಲ್ಲ, ಯಾಕಂದ್ರೆ ಆ ವೇಗಕ್ಕೆ ತೂತಿನ ಮೂಲಕ ಒಳಗಿನ ನೀರೇ ಹೊರಗೆ ಹೋಗುತ್ತಿರುತ್ತದೆ. ನಡುನೀರಲ್ಲಿ ಎಂಜಿನ್ ಆಫ್ ಮಾಡಿ ಹರಟೆ ಹೊಡೆಯುತ್ತಾ ಕೂತೆವು. ಸ್ವಲ್ಪ ಹೊತ್ತಿಗೆ ನಾನು ಬಿಚ್ಚಿಟ್ಟಿದ್ದ ಚಪ್ಪಲಿ ತೇಲಿಕೊಂಡು ಅವನ ಕಾಲ ಹತ್ತಿರ ಹೋಯಿತು. ‘ಲೇ, ಬಿರಡೆ ಹಾಕಿದ್ಯಾ?’ ಅಂದ. ಜೇಬು ಮುಟ್ಟಿ ನೋಡಿಕೊಂಡೆ. ಅಲ್ಲೇ ಇತ್ತು!

ಆಮೇಲೆ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಇಬ್ಬರೂ ತೂತು ಹುಡುಕಲು ಒಟ್ಟಿಗೆ ಹಿಂದಕ್ಕೆ ಬಾಗಿದೆವು. ಮೊದಲೇ ಎಂಜಿನ್ ಭಾರ, ಸೇರಿದ ನೀರೂ ಅಲ್ಲೇ, ಮೇಲೆ ನಾವಿಬ್ಬರು. ಹಿಂಬದಿ ಇಳಿದು ಅಲೆಯೊಂದು ಅಂಚು ಹತ್ತಿ ಒಳಗೇ ಬಂತು. ‘ಮುಂದೆ ಹೋಗಿ ಕೂತ್ಕೋ’ ಅಂತ ಅವನು ಕೂಗಿದ. ನಾನು ಮುಂದೆ ಸರಿದ ಮೇಲೆ ಹಿಂಬದಿ ಸ್ವಲ್ಪ ಎದ್ದಿತು. ಅವನು ಮೊಣಕೈವರೆಗೆ ನೀರಿನಲ್ಲಿ ಕೈ ಇಳಿಸಿ, ತಡಕಾಡಿ, ಬಿರಡೆ ಹಾಕಿದ. ಉಳಿದದ್ದನ್ನು ಬಕೆಟ್ಟಿನಲ್ಲಿ ಮೊಗೆದು ಹಾಕಿದೆವು.

ನಮ್ಮದು ಬಿರಡೆಯ ವಿಷಯ, ಹಾಗಾಗಿ ಸುಲಭದಲ್ಲಿ ಮುಗಿಯಿತು. ತಳವೇ ಒಡೆದಿದ್ದರೆ? ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗೆ, 2.5 ಸೆಂಟಿಮೀಟರ್ ಅಗಲದ ತೂತು ಬಿದ್ದರೆ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಗೆ ಬರುತ್ತದೆ. ಅಂದರೆ 10 ಲೀಟರ್ ಬಕೆಟ್ಟಿನಲ್ಲಿ ನಾಲ್ಕು ಸಲ. ಒಬ್ಬ ಗಟ್ಟಿ ಆಳು ಇಷ್ಟನ್ನು ಎತ್ತಿ ಹಾಕಬಲ್ಲ, ಸುಸ್ತಾಗುವ ತನಕ. ಸುಮ್ನೆ ಗಾಬರಿಯಲ್ಲಿ 10 ನಿಮಿಷ ಕಳೆದರೆ ಮಾತ್ರ 400 ಕಿಲೋ ಭಾರ ದೋಣಿ ಸೇರಿರುತ್ತದೆ.

ಅದಕ್ಕೇ ಮೊದಲು ಎಲ್ಲರೂ ಜಾಕೆಟ್ ಹಾಕಿಕೊಳ್ಳಬೇಕು, ತೂತು ಹುಡುಕುವುದು ಆಮೇಲೆ. ಒಬ್ಬರು ಫೋನಿನಲ್ಲೋ ರೇಡಿಯೋದಲ್ಲೋ ಸಹಾಯ ಕೇಳಲಿ. ಸಮುದ್ರದಲ್ಲಾದರೆ ದೋಣಿ, ಹಡಗುಗಳಲ್ಲಿ ಇಡುವ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್, ತುರ್ತು ಕರೆಗೆ ಇರುವುದು ಅದೇ. ಬ್ಯಾಟರಿ ಮುಳುಗಿದ ಮೇಲೆ ರೇಡಿಯೋನೂ ಇಲ್ಲ, ಒಳಗಿನ ನೀರು ಹೊರಹಾಕುವ ಪಂಪೂ ಇಲ್ಲ. ಪೆಟ್ರೋಲ್ ವಾಸನೆ ಬಂದರೆ ಕಿಡಿ ಹಾರುವ ಯಾವುದನ್ನೂ ಮುಟ್ಟಬೇಡಿ.

ತೂತು ಪಕ್ಕದಲ್ಲಿದ್ದರೆ ಜನ ಮೆಲ್ಲಗೆ ಆಚೆ ಪಕ್ಕಕ್ಕೆ ಸರಿದು ಕೂರಲಿ, ಕೆಲವೊಮ್ಮೆ ಅಷ್ಟಕ್ಕೇ ತೂತು ನೀರಿನಿಂದ ಮೇಲೆ ಬರುತ್ತದೆ. ಇಲ್ಲದಿದ್ದರೆ ಬಟ್ಟೆ, ದಿಂಬು, ಕೈಗೆ ಸಿಕ್ಕಿದ್ದನ್ನು ತುರುಕಿ. ಹೊರಗಿನಿಂದ ಟಾರ್ಪಾಲ್ ಎಳೆದು ಕಟ್ಟಿದರೆ ಇನ್ನೂ ವಾಸಿ, ನೀರಿನ ಒತ್ತಡವೇ ಅದನ್ನು ಒತ್ತಿ ಹಿಡಿಯುತ್ತದೆ. 1770ರಲ್ಲಿ ಆಸ್ಟ್ರೇಲಿಯಾದ ಹವಳದ ದಿಬ್ಬಕ್ಕೆ ಬಡಿದ ಇಂಗ್ಲೆಂಡಿನ ನಾವಿಕ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗನ್ನು ದಡಕ್ಕೆ ತಂದದ್ದು ಇದೇ ಉಪಾಯ, ಹಾಯಿಬಟ್ಟೆಗೆ ಉಣ್ಣೆ, ನಾರು ಮೆತ್ತಿ ತಳಕ್ಕೆ ಎಳೆದಿದ್ದರು. ಆಮೇಲೆ ನೋಡಿದರೆ ಮುರಿದ ಹವಳದ ತುಂಡೊಂದು ತೂತಿನಲ್ಲೇ ಸಿಕ್ಕಿಕೊಂಡು ಅರ್ಧ ಕೆಲಸ ಮಾಡಿತ್ತಂತೆ. ಹಾಗಾಗಿ ಕಲ್ಲೋ ಮರದ ಚೂರೋ ಸಿಕ್ಕಿಕೊಂಡಿದ್ದರೆ ದಯವಿಟ್ಟು ಕೀಳಬೇಡಿ.

ನೀರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ದೋಣಿಯನ್ನು ದಡ ಸೇರಿಸಿ. ದಡ ಅಂದರೆ ಹೊರಟ ಜಾಗವೇ ಆಗಬೇಕಿಲ್ಲ. ಹತ್ತಿರದ ಮರಳೋ ಕೆಸರೋ ಸಾಕು, ಬಂಡೆ ಬೇಡ. ತಿರುವು ನಿಧಾನ, ಯಾಕಂದ್ರೆ ಒಳಗಿನ ನೀರು ಒಂದೇ ಕಡೆ ನುಗ್ಗಿದರೆ ದೋಣಿ ಮಗುಚುತ್ತದೆ. ಯಾರೂ ಎದ್ದು ನಿಲ್ಲಬಾರದು. ಮಗುಚಿದರೂ ತೇಲುತ್ತಿರುವ ದೋಣಿಯನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಾಣುತ್ತದೆ ಅಂತ ಈಜಲು ಹೊರಟವರು ಅರ್ಧ ದಾರಿಯಲ್ಲಿ ಸೋಲುತ್ತಾರೆ. ಹುಡುಕುವವರ ಕಣ್ಣಿಗೂ ತಲೆಗಿಂತ ದೋಣಿಯೇ ಬೇಗ ಬೀಳುವುದು, ಅಲ್ವಾ?

ಬೋಟು ಓಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಜಾಕೆಟ್‌ಗಳನ್ನು ಸೀಟಿನ ಕೆಳಗೆ ಕಟ್ಟಿಡಬೇಡಿ, ಹೊರಡುವಾಗಲೇ ಮೈಗೆ ಹಾಕಿಸಿ. ಪಂಪ್ ಇದ್ದರೂ ಒಂದು ಬಕೆಟ್ಟಿಗೆ ಹಗ್ಗ ಕಟ್ಟಿ ಕೈಗೆಟಕುವಂತೆ ಇಡಿ. ಬಿರಡೆಯದ್ದು ನಾವೇ ಕಂಡುಕೊಂಡ ಉಪಾಯ: ಬೋಟು ದಡದಲ್ಲಿರುವಾಗ ಅದನ್ನು ಎಂಜಿನ್ ಕೀಲಿಯ ಗೊಂಚಲಿಗೇ ಸಿಕ್ಕಿಸಿರುತ್ತೇವೆ. ಕೀಲಿ ಕೈಗೆ ತಗೊಂಡ ಕೂಡಲೇ ಅದೂ ಜೊತೆಗೆ ಬರುತ್ತದೆ. ಹಾಕುವ ಕೆಲಸ ಮಾತ್ರ ಗೆಳೆಯ ನನಗೆ ಮತ್ತೆ ಕೊಟ್ಟಿಲ್ಲ.

ಇತಿ,
ನಿಮ್ಮ ಓದುಗ