ಬೆಲ್ಲದ ತಕ್ಕಡಿಯ ಮೇಲೆ ನಾಲ್ಕು ಚಕ್ರ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ಇಡೀ ದಿನ ಓಡಿ, ಒಂದು ತೊಟ್ಟು ಎಣ್ಣೆ ಸೋರದೆ, ಬ್ರೇಕ್ ಪೆಡಲ್ ಮೆತ್ತಗಾಗದೆ, ಹಳೇ ಹೋಂಡಾ ಸಿಟಿ ವಿಟೆಕ್ ಮೈಸೂರಿಗೆ ವಾಪಸು ಬಂದಿದೆ. ಇನ್ನು ಅದು ರಸ್ತೆಗಲ್ಲ, ರೇಸ್ ಟ್ರ್ಯಾಕಿಗೆ ಮಾತ್ರ ಮೀಸಲಾದ ಟ್ರ್ಯಾಕ್ ಕಾರು. ಈ ಕೆಲಸಕ್ಕೆ ಕೈ ಕೊಟ್ಟವರಲ್ಲಿ ಬಹಳ ಮಂದಿ ರೇಸ್ ಟ್ರ್ಯಾಕನ್ನು ಕಣ್ಣಲ್ಲಿ ಕಂಡವರಲ್ಲ. ಕಬ್ಬಿನ ಟ್ರೇಲರ್ ರಿಪೇರಿಯವರು, ಬೆಲ್ಲದ ವರ್ತಕರು, ಲೇತ್ ಕೆಲಸದವರು. ಅವರಿಗೆ ಒಂದು ಮಾತಿನಲ್ಲಿ ಥ್ಯಾಂಕ್ಸ್ ಹೇಳಿ ಮುಗಿಸಲು ಮನಸ್ಸು ಒಪ್ಪಲಿಲ್ಲ. ಯಾರು ಏನು ಮಾಡಿಕೊಟ್ಟರು, ಅದು ಯಾಕೆ ಬೇಕಿತ್ತು ಅನ್ನುವುದನ್ನು ಅಳತೆ ಸಮೇತ ಬರೆಯುತ್ತಿದ್ದೇವೆ. ನಾಳೆ ಇನ್ಯಾರಾದರೂ ಕಾರು ಬಿಚ್ಚಿಕೊಂಡು ಕೂತರೆ ಉಪಯೋಗಕ್ಕೆ ಬರಲಿ.

ಮೊದಲ ನಮಸ್ಕಾರ ಮಂಡ್ಯದ ಟ್ರೇಲರ್ ಶೆಡ್ಡಿಗೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಅಲ್ಲಿ ಉಸಿರು ಬಿಡಲು ಪುರುಸೊತ್ತಿರುವುದಿಲ್ಲ. ಮುರಿದ ಆಕ್ಸಲ್, ಸೀಳಿದ ಚಾಸಿ ಸಾಲುಗಟ್ಟಿ ನಿಂತಿರುತ್ತವೆ. ಅಷ್ಟರ ನಡುವೆಯೂ ರಾತ್ರಿ ಹೊತ್ತು ರೋಲ್ ಕೇಜ್‌ಗೆ, ಅಂದರೆ ಕಾರು ಮಗುಚಿದರೆ ಒಳಗಿನವರನ್ನು ಕಾಯುವ ಪೈಪಿನ ಪಂಜರಕ್ಕೆ, ಸಮಯ ಕೊಟ್ಟರು.

ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಮೇನ್ ಹೂಪ್‌ಗೆ (ಸೀಟಿನ ಹಿಂದೆ ನಿಲ್ಲುವ ಮುಖ್ಯ ಕಮಾನು) 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಪೈಪು ಬೇಕು, ಇಲ್ಲವೇ 50ಕ್ಕೆ 2. ಉಳಿದ ಕೈಕಾಲುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಪೈಪು ಕೋಲ್ಡ್ ಡ್ರಾನ್ ಸೀಮ್‌ಲೆಸ್ ಆಗಿರಬೇಕು, ಅಂದರೆ ತಣ್ಣಗೆ ಎಳೆದು ಮಾಡಿದ, ಹೊಲಿಗೆ ಇಲ್ಲದ ಪೈಪು. ಗೇಟು, ಗ್ರಿಲ್ಲಿಗೆ ಬಳಸುವ ಹೊಲಿಗೆ ಪೈಪು ಹೊರಗಿನಿಂದ ಹಾಗೇ ಕಾಣುತ್ತದೆ, ಒಳಗೆ ಬೆರಳು ಆಡಿಸಿದರೆ ಉದ್ದಕ್ಕೂ ಏಣು ಸಿಗುತ್ತದೆ. ಗ್ಯಾಲ್ವನೈಸ್ಡ್ ಪೈಪಂತೂ ಬೇಡವೇ ಬೇಡ. ಸತು ಸುಟ್ಟು ಹೊಗೆ ಎದೆಗೆ ಹೋಗುತ್ತದೆ, ವೆಲ್ಡಿನೊಳಗೆ ಗಾಳಿಗುಳ್ಳೆ ಕೂರುತ್ತದೆ.

ಬೇರೆ ಕಡೆ ಬಾಗಿಸಿ ತಂದಿದ್ದ ಮೊದಲ ಹೂಪ್ ಕೆಲಸಕ್ಕೆ ಬರಲಿಲ್ಲ. ಬಾಗು ನೋಡಲು ನೀಟಾಗಿತ್ತು. ಶೆಡ್ಡಿನ ಹಿರಿಯರು ಅಲ್ಲಿಗೆ ಕ್ಯಾಲಿಪರ್ ಹಿಡಿದರು. 45 ಇರಬೇಕಾದ ಪೈಪು ಒಂದು ಕಡೆ 48, ಇನ್ನೊಂದು ಕಡೆ 39. ಚಿಕ್ಕ ಅಳತೆಯನ್ನು ದೊಡ್ಡದರಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಆ ಬಾಗು ತಿರಸ್ಕೃತ. ಇದು 0.81. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಬೇಕು, ಅಂದರೆ 45ರ ಪೈಪಿಗೆ 135 ಮಿ.ಮೀ. ಅದಕ್ಕಿಂತ ಬಿಗಿಯಾಗಿ ಎಳೆದರೆ ಹೊರಮೈ ತೆಳುವಾಗಿ ಒಳಮೈ ಸುಕ್ಕುತ್ತದೆ, ಕಾರು ಮಗುಚಿದಾಗ ಪೈಪು ಮಡಿಸಿಕೊಳ್ಳುವುದು ಅಲ್ಲೇ. ಆ ಹೂಪನ್ನು ಗುಜರಿಗೆ ಹಾಕಿ, ಒಳಗೆ ಮ್ಯಾಂಡ್ರೆಲ್ (ಬಾಗುವಾಗ ಪೈಪು ಚಪ್ಪಟೆಯಾಗದಂತೆ ಒಳಗಿನಿಂದ ಆನಿಸುವ ಸರಳು) ಇರುವ ಯಂತ್ರದಲ್ಲಿ ಹೊಸದು ಬಾಗಿಸಿದ್ದು ಅವರ ಹಟದಿಂದ. ಆ ಹಟಕ್ಕೆ ಕೈಮುಗಿಯುತ್ತೇವೆ.

ಪೈಪಿಗೆ ಪೈಪು ಕೂರುವ ಕಡೆ ಮೀನಿನ ಬಾಯಿಯ ಹಾಗೆ ಕೊರೆಯಬೇಕು. ದಪ್ಪ ಕಾಗದ ಸುತ್ತಿ, ಗೀಟೆಳೆದು, ಗ್ರೈಂಡರಿನಲ್ಲಿ ತಿದ್ದಿ, ಸಂದು ಒಂದೂವರೆ ಮಿ.ಮೀ. ದಾಟದ ಹಾಗೆ ನೋಡಿಕೊಂಡರು. ಸಂದು ದೊಡ್ಡದಾದರೆ ತಂತಿ ತುಂಬಿಸಿ ಮುಚ್ಚುವುದು ಸುಲಭ, ಆದರೆ ಆ ಜೋಡಣೆಗೆ ಬಲ ಇರುವುದಿಲ್ಲ. ಮೊದಲು ಎಲ್ಲ ಕಡೆ ಟ್ಯಾಕ್ (ಚುಕ್ಕಿ ವೆಲ್ಡ್), ಆಮೇಲೆ ಎಡಬಲ ಬದಲಿಸುತ್ತ ತುಂಡು ತುಂಡಾಗಿ ಪೂರ್ತಿ ವೆಲ್ಡ್. ಒಂದೇ ಕಡೆ ಹೊಡೆದುಕೊಂಡು ಹೋದರೆ ಹೂಪ್ ಎಳೆದುಕೊಂಡು ಬಾಗಿಲು ಕೂರುವುದಿಲ್ಲ. ಪ್ರತಿ ಸುತ್ತಿಗೂ ಬಾಗಿಲು ಹಾಕಿ ತೆಗೆದು ನೋಡುತ್ತಿದ್ದರು.

ಛಾವಣಿಗೆ ಅಂಟಿದ ಪೈಪಿನ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಹೊರಗೆ ಕಾಣಿಸದು ಅಂತ ಅಲ್ಲಿ ಮುಕ್ಕಾಲು ಸುತ್ತು ಹೊಡೆದು ಬಿಟ್ಟ ಕೇಜ್‌ಗಳು ಬೇಕಾದಷ್ಟಿವೆ. ಇಲ್ಲಿ ಹಾಗೆ ಮಾಡಲಿಲ್ಲ. ಕಾಲುಗಳ ಕೆಳಗೆ ಬರಬೇಕಿದ್ದ ಪೆಟ್ಟಿಗೆಗಳನ್ನು ಕಡೆಗೆ ಉಳಿಸಿಕೊಂಡು, ಕೇಜನ್ನು ಆ ಎತ್ತರದಷ್ಟು ಕೆಳಗೆ ನೆಲದ ಮೇಲೆ ಇಳಿಸಿ, ಮೇಲಿನ ಜೋಡಣೆಗಳನ್ನು ಸುತ್ತಲೂ ವೆಲ್ಡ್ ಮಾಡಿ, ಮತ್ತೆ ಎತ್ತಿ ಪೆಟ್ಟಿಗೆ ಕೂರಿಸಿದರು. ಪ್ರತಿ ಕಾಲಿನ ಕೆಳಗೆ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಪ್ಲೇಟು. ಅದಕ್ಕಿಂತ ಚಿಕ್ಕದಾದರೆ ಪೈಪು ನೆಲದ ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ವೆಲ್ಡಿಂಗಿಗೂ ಮುಂಚೆ ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಮೂರೂ ಕಾರಿನಿಂದ ಹೊರಗೆ ಬಂದಿದ್ದವು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರುವುದೆಲ್ಲ ಆವಿ.

ಮೈಸೂರಿನ ಹೂಟಗಳ್ಳಿ ಕಡೆಯಿಂದ ಬಂದು ವೆಲ್ಡಿನ ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಪರೀಕ್ಷೆ ಮಾಡಿಕೊಟ್ಟ ಗೆಳೆಯರಿಗೂ ವಂದನೆ. ವೆಲ್ಡ್ ಒರೆಸಿ, ಕೆಂಪು ದ್ರವ ಹಚ್ಚಿ, ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಎಡಗಡೆಯ ಒಂದು ಜೋಡಣೆಯಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಮೂಡಿತು. ಬರಿಗಣ್ಣಿಗೆ ಅದು ಖಂಡಿತ ಸಿಗುತ್ತಿರಲಿಲ್ಲ. ಗ್ರೈಂಡ್ ಮಾಡಿ ಮತ್ತೆ ತುಂಬಿದರು.

ಕೇಜ್ ಹಾಕಿದ ಕಾರನ್ನು ಊರೊಳಗೆ ಓಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಂಥ ಬದಲಾವಣೆಗೆ ಅಡ್ಡ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆಲ್ಮೆಟ್ ಇಲ್ಲದ ತಲೆಗೆ ಪಕ್ಕದಲ್ಲೇ ಉಕ್ಕಿನ ಪೈಪು ಇರುತ್ತದೆ.

ಇನ್ನು ಬೆಲ್ಲದ ಮಂಡಿಯವರು. ಅವರ ಋಣ ದೊಡ್ಡದು.

ಕಾರಿನ ಒಟ್ಟು ತೂಕ ತಿಳಿಯಲು ಲಾರಿ ತೂಗುವ ವೇಬ್ರಿಡ್ಜ್ ಸಾಕು. ನಾಲ್ಕು ಚಕ್ರದ ಮೇಲೆ ಬೇರೆ ಬೇರೆಯಾಗಿ ಎಷ್ಟು ಕೂತಿದೆ ಅನ್ನುವುದು ಅಲ್ಲಿ ಸಿಗುವುದಿಲ್ಲ. ಅದಕ್ಕೆಂದೇ ಬರುವ ತಕ್ಕಡಿಗಳು ದುಬಾರಿ. ಮಂಡ್ಯದ ವರ್ತಕರು 500 ಕೆ.ಜಿ. ತೂಗುವ ನಾಲ್ಕು ಪ್ಲಾಟ್‌ಫಾರಂ ತಕ್ಕಡಿಗಳನ್ನು ಒಂದು ಭಾನುವಾರ ಪೂರ್ತಿ ಬಿಟ್ಟುಕೊಟ್ಟರು. ಒಂದೇ ಮೂಟೆಯನ್ನು ನಾಲ್ಕರ ಮೇಲೂ ಇಟ್ಟು, ತಕ್ಕಡಿ ತಕ್ಕಡಿಗೆ ಎಷ್ಟು ವ್ಯತ್ಯಾಸ ಅಂತ ಮೊದಲು ಬರೆದುಕೊಂಡದ್ದೂ ಅವರ ಸಲಹೆಯೇ. ನಾಲ್ಕೂ ಒಂದೇ ಮಟ್ಟದಲ್ಲಿರಬೇಕಲ್ಲ, ಗಾರೆಯವರು ನೀರು ತುಂಬಿದ ಲೆವೆಲ್ ಪೈಪು ಹಿಡಿದು, ಟೈಲ್ಸ್ ಚೂರು ಕೊಟ್ಟು ಸರಿ ಮಾಡಿದರು. ಮಟ್ಟದಲ್ಲಿ ಕೆಲವೇ ಮಿ.ಮೀ. ತಪ್ಪಿದರೂ ಬಿಗಿ ಸ್ಪ್ರಿಂಗಿನ ಕಾರಿನಲ್ಲಿ ಹಲವು ಕೆ.ಜಿ. ಸುಳ್ಳು ಲೆಕ್ಕ ಬರುತ್ತದೆ.

ಟೈರಿನಡಿ ಎರಡೆರಡು ಟೈಲ್ಸ್, ನಡುವೆ ಗ್ರೀಸ್, ಚಕ್ರ ಅಡ್ಡ ಜಾರಿ ಸಹಜವಾಗಿ ಕೂರಲಿ ಅಂತ. ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲದಂತೆ ಎಡಬಲ ಚಕ್ರಗಳನ್ನು ಬೆಸೆಯುವ ಸರಳು) ಲಿಂಕ್ ಬಿಚ್ಚಿಟ್ಟಿತ್ತು. ಟೈರ್ ಗಾಳಿ ಸಮ, ಪೆಟ್ರೋಲ್ ಅರ್ಧ ಟ್ಯಾಂಕ್. ಡ್ರೈವರ್ ಸೀಟಿನಲ್ಲಿ 55 ಕೆ.ಜಿ., ಪೆಡಲ್ ಹತ್ತಿರ 15 ಕೆ.ಜಿ. ಅಚ್ಚು ಬೆಲ್ಲ. ಸೀಟಿನಲ್ಲಿ ಮನುಷ್ಯ ಕೂತರೆ ಅಲುಗಾಡುತ್ತಾನೆ, ಬೆಲ್ಲ ಅಲುಗಾಡುವುದಿಲ್ಲ.

ಮೊದಲ ಲೆಕ್ಕ: ಎಡ ಮುಂದೆ 262, ಬಲ ಮುಂದೆ 308, ಎಡ ಹಿಂದೆ 188, ಬಲ ಹಿಂದೆ 162. ಒಟ್ಟು 920. ಬಲ ಮುಂದಿನದಕ್ಕೆ ಎಡ ಹಿಂದಿನದನ್ನು ಕೂಡಿಸಿದರೆ 496, ಅಂದರೆ ಶೇಕಡ 53.9. ಕುಂಟು ಮಂಚದ ಹಾಗೆ, ಕಾರು ಒಂದು ಕರ್ಣದ ಮೇಲೆ ಭಾರ ಬಿಟ್ಟು ನಿಂತಿತ್ತು. ಹೀಗಿದ್ದರೆ ಎಡ ತಿರುವಿಗೊಂದು ಸ್ವಭಾವ, ಬಲ ತಿರುವಿಗೊಂದು. ಬ್ರೇಕ್ ಒತ್ತಿದಾಗ ಹಗುರವಾದ ಎಡ ಮುಂಚಕ್ರ ಮೊದಲು ಲಾಕ್ ಆಗುತ್ತದೆ. ಕಾಯಿಲೋವರಿನ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಜೋಡಿ) ರಿಂಗ್ ಎಷ್ಟೇ ತಿರುಗಿಸಿದರೂ ಮುಂದಿನ ಎರಡರ ಮೊತ್ತ, ಎಡಗಡೆ ಎರಡರ ಮೊತ್ತ ಹೆಚ್ಚುಕಡಿಮೆ ಹಾಗೇ ಇರುತ್ತವೆ. ಬದಲಾಗುವುದು ಕರ್ಣ ಮಾತ್ರ. ಆದ್ದರಿಂದ ಒಂದೇ ಮೂಲೆಯನ್ನು ತಿರುಗಿಸುತ್ತ ಹೋಗಬಾರದು. ಭಾರ ಕರ್ಣದ ಎರಡು ಮೂಲೆ ಸ್ವಲ್ಪ ಇಳಿಸಿ, ಹಗುರ ಕರ್ಣದ ಎರಡನ್ನು ಅಷ್ಟೇ ಏರಿಸಬೇಕು, ಆಗ ಕಾರಿನ ಎತ್ತರ ಕೆಡುವುದಿಲ್ಲ. ಪ್ರತಿ ಸಲ ನಾಲ್ಕು ಮೂಲೆಯನ್ನೂ ಒತ್ತಿ ಕುಣಿಸಿ, ಮತ್ತೆ ಓದಬೇಕು. ಸಂಜೆ ಹೊತ್ತಿಗೆ 279, 291, 171, 179. ಶೇಕಡ 50.2. ಅಲ್ಲಿಗೆ ನಿಲ್ಲಿಸಿದೆವು. ಆಮೇಲೆ ಬಿಚ್ಚಿಟ್ಟಿದ್ದ ಆಂಟಿ ರೋಲ್ ಬಾರ್ ಲಿಂಕಿನ ಉದ್ದವನ್ನು ಬೋಲ್ಟ್ ಕೈಯಲ್ಲೇ ಸಲೀಸಾಗಿ ಜಾರುವಷ್ಟಕ್ಕೆ ಹೊಂದಿಸಿ ಕೂರಿಸಬೇಕು. ಎಳೆದು ಕೂರಿಸಿದರೆ ಇಡೀ ದಿನದ ಕೆಲಸ ನೀರುಪಾಲು.

ಬೆಲ್ಲ ಒಂದು ಅಚ್ಚೂ ಒಡೆಯದೆ ಮಂಡಿಗೆ ವಾಪಸು ಹೋಯಿತು.

ಮೈಸೂರಿನ ಬೈಕ್ ಕಾರ್ಖಾನೆ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು, ಆ ಕಾಲದ ಟರ್ನರ್ ಒಬ್ಬರ ಕೈ ಈಗಲೂ ಮೈಸೂರಿನ ಲೇತ್ ಮೇಲಿದೆ. ಆಯಿಲ್ ಪ್ರೆಷರ್ ಗೇಜ್‌ಗೆ ಬೇಕಿದ್ದ ಅಡಾಪ್ಟರ್ ಅವರದು. ಹೋಂಡಾ ಬ್ಲಾಕಿನ ತೂತಿಗೆ ಎಂಟನೇ ಒಂದು ಇಂಚಿನ ಬಿಎಸ್‌ಪಿಟಿ (ಬ್ರಿಟಿಷ್ ಅಳತೆಯ ಪೈಪ್) ಥ್ರೆಡ್, ಇಂಚಿಗೆ 28 ಸುತ್ತು. ಮಾರುಕಟ್ಟೆಯ ಎಷ್ಟೋ ಸೆಂಡರ್‌ಗಳಿಗೆ (ಎಣ್ಣೆಯ ಒತ್ತಡ ಅಳೆದು ಗೇಜ್‌ಗೆ ತಿಳಿಸುವ ಭಾಗ) ಅಮೆರಿಕನ್ ಅಳತೆಯ ಎನ್‌ಪಿಟಿ, ಇಂಚಿಗೆ 27. ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಸರಿಯಾಗಿದೆ ಅನ್ನಿಸುತ್ತದೆ, ಬಿಗಿ ಮಾಡಿದರೆ ಅಲ್ಯೂಮಿನಿಯಂ ಬಿರುಕು ಬಿಡುತ್ತದೆ. ಸೆಂಡರನ್ನು ನೇರ ಬ್ಲಾಕಿಗೆ ನೇತುಹಾಕಲೂ ಅವರು ಬಿಡಲಿಲ್ಲ. ನಡುಕಕ್ಕೆ ಅಡಾಪ್ಟರ್ ಕುತ್ತಿಗೆ ಮುರಿದರೆ ಎಣ್ಣೆಯೆಲ್ಲ ಬಿಸಿ ಎಕ್ಸಾಸ್ಟ್ ಮೇಲೆ. ನಡುವೆ ಮೆದು ಹೋಸ್ ಕೊಟ್ಟು ಸೆಂಡರನ್ನು ಕಾರಿನ ಮೈಗೆ ಕಟ್ಟಿದರು. ಉದ್ದ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಓಡಿ ಪಂಪು ಗಾಳಿ ಎಳೆಯದ ಹಾಗೆ ಸಂಪ್ (ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿ) ಒಳಗೆ ಅಡ್ಡ ತಗಡು ಕೂರಿಸಿದ್ದೂ ಅವರ ಪಕ್ಕದ ಅಂಗಡಿಯವರೇ.

ಮಂಡಿ ಮೊಹಲ್ಲಾದ ಸ್ಪೇರ್ಸ್ ಅಂಗಡಿಯವರು ಸೀಲ್ ಒಡೆದ ಬ್ರೇಕ್ ಆಯಿಲ್ ಡಬ್ಬಿಯನ್ನು ಕೇಳಿದರೂ ಕೊಡಲಿಲ್ಲ, ಅದಕ್ಕೇ ಈ ಧನ್ಯವಾದ. ಡಾಟ್ 4 ಆಯಿಲ್‌ನ ಮಾನದಂಡ ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಕುದಿಬಿಂದು. ತೇವ ಹೀರಿದ ಮೇಲೆ ಅದು 155ಕ್ಕೆ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿ, ಪೆಡಲ್ ನೆಲಕ್ಕೆ. ಮುಂದಿನ ಡಿಸ್ಕಿಗೆ 63 ಮಿ.ಮೀ. ಹೋಸಿನಲ್ಲಿ ಗಾಳಿ ಕೊಟ್ಟಿದೆ, ಗಾಳಿ ಡಿಸ್ಕಿನ ನಡುವಿನ ಕಣ್ಣಿಗೇ ಬೀಳಬೇಕು. ಒಂದೇ ಮುಖಕ್ಕೆ ಬಿದ್ದರೆ ಆ ಕಡೆ ಮಾತ್ರ ತಣ್ಣಗಾಗಿ ಡಿಸ್ಕ್ ಸೀಳುತ್ತದೆ. ಓಟ ಮುಗಿಸಿ ಬಂದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ.

ಕಿಲ್ ಸ್ವಿಚ್ (ಅಪಾಯದಲ್ಲಿ ಕಾರಿನ ಕರೆಂಟು ಕಡಿದು ಎಂಜಿನ್ ಆರಿಸುವ ಸ್ವಿಚ್) ಕೂರಿಸಿದ ಎಲೆಕ್ಟ್ರಿಷಿಯನ್ ಮೊದಲೇ ಎಚ್ಚರಿಸಿದ್ದರು: ಬ್ಯಾಟರಿ ಮಾತ್ರ ಕತ್ತರಿಸಿದರೆ ಆಲ್ಟರ್ನೇಟರ್ ಕರೆಂಟಿನಲ್ಲೇ ಎಂಜಿನ್ ಓಡುತ್ತಿರುತ್ತದೆ. ಆರು ಟರ್ಮಿನಲ್ ಸ್ವಿಚ್ ಹಾಕಿ, ಇಗ್ನಿಶನ್ ವೈರನ್ನೂ ಅದರಲ್ಲೇ ಹಾಯಿಸಿ, ಆಲ್ಟರ್ನೇಟರಿನಲ್ಲಿ ಉಳಿದ ಕರೆಂಟು ಇಳಿದು ಹೋಗಲು 3 ಓಮ್ ರೆಸಿಸ್ಟರ್ ಕೊಟ್ಟರು. ಎಂಜಿನ್ ಓಡುತ್ತಿರುವಾಗ ತಿರುಗಿಸಿ ಆರಿಸಿ ತೋರಿಸಿದ ಮೇಲೆಯೇ ಹಣ ಮುಟ್ಟಿದ್ದು.

ಕೊನೆಗೆ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಕಾರು ಹೊತ್ತು ಇಳಿಸಿ ಏರಿಸಿದ ಫ್ಲಾಟ್‌ಬೆಡ್ ಡ್ರೈವರಿಗೆ. ಬೆಲ್ಟನ್ನು ಕಾರಿನ ಮೈಗೆ ಕಟ್ಟದೆ ನಾಲ್ಕು ಚಕ್ರಕ್ಕೂ ಕಟ್ಟಿದರು, ಚಾಮರಾಜನಗರ ದಾಟಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿದರು. ಟ್ರ್ಯಾಕಿನಲ್ಲಿ ಪ್ರತಿ ಓಟದ ನಂತರ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ 108 ನ್ಯೂಟನ್ ಮೀಟರಿಗೆ ನೋಡಿದವರೂ ಅವರೇ, ಯಾರೂ ಹೇಳದೆ.

ಕೇಜಿನ ಕಾಗದದ ಅಚ್ಚುಗಳೆಲ್ಲ ಮಂಡ್ಯದ ಶೆಡ್ಡಿನಲ್ಲೇ ಇವೆ, ಒಂದೊಂದರ ಮೇಲೂ ಯಾವ ಜೋಡಣೆಯದು ಅಂತ ಬರೆದಿದೆ. ಇದೇ ಮಾದರಿಯ ಸಿಟಿ ಇರುವವರು ಹೋಗಿ ನಕಲು ಮಾಡಿಕೊಳ್ಳಿ, ಶೆಡ್ಡಿನವರು ಒಪ್ಪಿದ್ದಾರೆ. ಕಬ್ಬಿನ ಹಂಗಾಮು ಬಿಟ್ಟು ಹೋಗಿ.